ಬೇರಿಂಗ್ ಹೊಸದು, ಎಣ್ಣೆ ಹಳೆಯದೇ: ಕಲಬುರಗಿಯ ಒಂದು ಪದ್ಮಿನಿಯ ಹಿಂದಿನ ಚಕ್ರದ ಪ್ರಕರಣ

ಕಾರು 1980ರ ದಶಕದ ಪ್ರೀಮಿಯರ್ ಪದ್ಮಿನಿ. ಮಾಲೀಕರು ನಿವೃತ್ತ ಹೈಸ್ಕೂಲ್ ಮಾಸ್ತರರು. ಮನೆ ಕಲಬುರಗಿಯಲ್ಲಿ, ತೊಗರಿ ಹೊಲ ಸೇಡಂ ತಾಲ್ಲೂಕಿನಲ್ಲಿ. ಹಾಗಾಗಿ ಮಳಖೇಡದ ದಾರಿಯಲ್ಲಿ ಈ ಕಾರಿನ ಓಡಾಟ ತಪ್ಪಿದ್ದಲ್ಲ. ಹುಮನಾಬಾದ್ ರಸ್ತೆಯ ಉಸ್ತಾದರ ಗ್ಯಾರೇಜಿಗೆ ಬಂದಾಗ ಅದರ ಮೇಲೆ ಎರಡು ದೂರುಗಳಿದ್ದವು. ಎಡಗಡೆಯ ಹಿಂದಿನ ಚಕ್ರದಿಂದ ಗುಂಯ್‌ಗುಡುವ ಸದ್ದು. ಬ್ರೇಕ್ ಒತ್ತಿದರೆ ಕಾರು ಬಲಕ್ಕೆ ಎಳೆಯುವುದು. ಆರ್‌ಸಿ ನವೀಕರಣದ ದಿನವೂ ಹತ್ತಿರ ಬಂದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಇದ್ದದ್ದೇ, ಮತ್ತು ಒಂದೇ ಬದಿಗೆ ಹಿಡಿಯುವ ಬ್ರೇಕನ್ನು ಇಟ್ಟುಕೊಂಡು ಅಲ್ಲಿಗೆ ಹೋಗುವುದು ಸರಿಯಲ್ಲ.

ಈ ಚಕ್ರಕ್ಕೆ ಕೈ ಬಿದ್ದದ್ದು ಇದೇ ಮೊದಲಲ್ಲ. ಹಿಂದಿನ ವರ್ಷ ಅಲ್ಲಿ ಎಣ್ಣೆ ಸೋರುತ್ತಿದೆಯೆಂದು ಬೇರೊಂದು ಕಡೆ ಹಳೆಯ ಬೇರಿಂಗ್ ತೆಗೆದು, ಎರಡೂ ಬದಿಗೆ ರಬ್ಬರ್ ಮುಚ್ಚಿಗೆಯಿರುವ ಸೀಲ್ಡ್ ಬೇರಿಂಗ್ ಕೂರಿಸಿದ್ದರು. ಕೆಲವು ತಿಂಗಳಲ್ಲಿ ಅದು ಹಾಳಾಯಿತು. ಮತ್ತೊಂದು ಸೀಲ್ಡ್ ಬೇರಿಂಗ್ ಬಂತು. ಅದೂ ಈಗ ಸದ್ದು ಮಾಡುತ್ತಿತ್ತು. ಮಾಸ್ತರರು ಕೇಳಿದ ಪ್ರಶ್ನೆ ನೇರವಾಗಿತ್ತು: “ಎರಡು ಸಲ ಹೊಸದು ಹಾಕಿಸಿದ್ದೇನೆ. ಇನ್ನು ಎಣ್ಣೆ ಹೊರಗೆ ಬರುವುದೇ ಇಲ್ಲ ಎಂದು ಹೇಳಿದ್ದರು. ಮತ್ತೆ ಯಾಕೆ ಬರುತ್ತಿದೆ ಸರ್?”

ನಾನು ಆಟೊಮೊಬೈಲ್ ವಿಷಯ ಪಾಠ ಹೇಳುವವನು. ಉಸ್ತಾದರ ಬಳಿ ಹಳೆಯ ಕಾರು ಬಂದಾಗ ಬಿಡುವು ಮಾಡಿಕೊಂಡು ಹೋಗುತ್ತೇನೆ. ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಕಾರಣ ಮಾಸ್ತರರ ಆ ಪ್ರಶ್ನೆಯೇ. ಸೀಲ್ಡ್ ಬೇರಿಂಗ್ ಹಾಕಿದರೆ ಆಕ್ಸೆಲ್‌ನ, ಅಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ಅಚ್ಚಿನ, ಎಣ್ಣೆ ಸೋರುವುದು ನಿಲ್ಲುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಗ್ಯಾರೇಜುಗಳಲ್ಲಿದೆ. ಅದು ತಪ್ಪು, ಮತ್ತು ಈ ಬಗೆಯ ಕಾರಿನಲ್ಲಿ ಅಪಾಯಕಾರಿ ತಪ್ಪು.

ಬಿಚ್ಚುವ ಮೊದಲು

ರಿಂಗ್ ರೋಡಿನಲ್ಲಿ ಓಡಿಸಿ ನೋಡಿದೆವು. ವೇಗ ಏರಿದಂತೆ ಸದ್ದು ಏರುತ್ತಿತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಲೂ ಅದು ಬದಲಾಗಲಿಲ್ಲ. ಆಕ್ಸೆಲ್‌ನ ನಡುವಿನ ಗೇರುಗಳಾದ ಕ್ರೌನ್ ಮತ್ತು ಪಿನಿಯನ್ ಸವೆದಿದ್ದರೆ ಎಳೆಯುವಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬರುತ್ತದೆ. ಇಲ್ಲಿ ಹಾಗಿರಲಿಲ್ಲ. ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಎಡ ಚಕ್ರದ ಮೇಲೆ ಭಾರ ಹಾಕಿದಾಗ ಸದ್ದು ದಪ್ಪವಾಯಿತು.

ಜಾಕ್ ಏರಿಸಿದ ಮೇಲೆ ಉಸ್ತಾದರು ಒಂದು ಅಂಗೈಯನ್ನು ಪಟ್ಟಿ ಸ್ಪ್ರಿಂಗಿನ ಮೇಲಿಟ್ಟು, ಇನ್ನೊಂದು ಕೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸಿದರು. ಕಿವಿಗೆ ಕೇಳದ್ದು ಸ್ಪ್ರಿಂಗಿನಲ್ಲಿ ತಿಳಿಯುತ್ತದೆ. ನನ್ನ ಕೈಯನ್ನೂ ಅಲ್ಲಿಡಿಸಿದರು. ಚಕ್ರದ ಪ್ರತಿ ಸುತ್ತಿನಲ್ಲಿ ಒಂದೆಡೆ ಸಣ್ಣ ಕರಕರ, ಆಮೇಲೆ ನಯ, ಮತ್ತೆ ಕರಕರ. ಬಲ ಚಕ್ರದಲ್ಲಿ ಅಂಥದ್ದೇನೂ ಇರಲಿಲ್ಲ.

ಡ್ರಮ್ ತೆಗೆದಾಗ, ಅದಕ್ಕೆ ಒತ್ತಿ ಚಕ್ರವನ್ನು ನಿಲ್ಲಿಸುವ ಬ್ರೇಕ್ ಲೈನರ್ ಪೂರ್ತಿ ತೊಯ್ದಿತ್ತು. ಇಲ್ಲಿ ಆತುರಪಡಬಾರದು. ತೇವ ಚಕ್ರದ ಬ್ರೇಕ್ ಸಿಲಿಂಡರಿನದೂ ಆಗಿರಬಹುದು, ಆಕ್ಸೆಲ್‌ನದೂ ಆಗಿರಬಹುದು. ಲೈನರ್ ಮೇಲಿನ ದ್ರವವನ್ನು ಚಮಚದ ಅಂಚಿನಿಂದ ಕೆರೆದು ಒಂದು ಲೋಟ ನೀರಿಗೆ ಬಿಟ್ಟೆವು. ಸಾಮಾನ್ಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಇದು ಬೆರೆಯದೆ ಮೇಲೆ ತೇಲಿತು, ಜೊತೆಗೆ ಗಂಧಕದ ಘಾಟು. ಆಕ್ಸೆಲ್‌ನ ಹೈಪಾಯ್ಡ್ ಗೇರಿಗೆ ಹಾಕುವ 90 ನಂಬರ್ ಎಣ್ಣೆಯ ವಾಸನೆ ಮೂಗಿಗೆ ಒಮ್ಮೆ ಗೊತ್ತಾದರೆ ಮರೆಯುವಂಥದ್ದಲ್ಲ.

ಹೌಸಿಂಗಿನೊಳಗೆ ಕಂಡದ್ದು

ಪದ್ಮಿನಿಯ ಹಿಂದಿನ ಆಕ್ಸೆಲ್ ಶಾಫ್ಟಿನ ಹೊರತುದಿಯಲ್ಲಿ ಒಂದೇ ಬಾಲ್ ಬೇರಿಂಗ್ ಇರುತ್ತದೆ: ಎರಡು ಉಕ್ಕಿನ ಬಳೆಗಳು, ನಡುವೆ ಗುಂಡುಗಳು. ಅದರ ಪಕ್ಕದಲ್ಲಿ, ಕಾರಿನ ನಡುವಿನ ಕಡೆಗೆ, ಬಿಸಿಮಾಡಿ ಶಾಫ್ಟಿಗೆ ಕೂರಿಸಿದ ಒಂದು ಉಕ್ಕಿನ ಕಾಲರ್. ಬೇರಿಂಗಿನ ಹೊರ ಬಳೆಯನ್ನು ಬ್ರೇಕ್ ತಟ್ಟೆಯ ಜೊತೆ ಒಂದು ಪ್ಲೇಟು ಬೋಲ್ಟುಗಳಿಂದ ಹಿಡಿದಿರುತ್ತದೆ. ಚಕ್ರವನ್ನು ಕಾರಿನಲ್ಲಿ ಉಳಿಸುವುದು ಇಷ್ಟೇ: ಪ್ಲೇಟು ಬೇರಿಂಗನ್ನು ಹಿಡಿದಿದೆ, ಕಾಲರ್ ಶಾಫ್ಟನ್ನು ಬೇರಿಂಗಿನೊಳಗಿಂದ ಹೊರಬರದಂತೆ ತಡೆದಿದೆ. ಕಾಲರ್ ಜಾರಿತೆಂದರೆ ಶಾಫ್ಟು, ಡ್ರಮ್ಮು, ಚಕ್ರ ಮೂರೂ ಒಟ್ಟಿಗೆ ರಸ್ತೆಗೆ ಬರುತ್ತವೆ. ಈ ಕೆಲಸದಲ್ಲಿ “ನಡೆಯುತ್ತದೆ ಬಿಡಿ” ಎಂಬ ಮಾತಿಗೆ ಜಾಗವಿಲ್ಲ.

ಬೇರಿಂಗಿಗಿಂತ ಒಳಗೆ, ಶಾಫ್ಟನ್ನು ಸುತ್ತುವರಿದ ಹೌಸಿಂಗಿನ ಕೊಳವೆಯಲ್ಲಿ ಆಯಿಲ್ ಸೀಲ್ ಇರುತ್ತದೆ. ನಡುವಿನ ಗೇರುಗಳಿರುವ ಡಿಫರೆನ್ಷಿಯಲ್ ಕಡೆಯ ಎಣ್ಣೆಯನ್ನು ಬೇರಿಂಗಿನ ಹತ್ತಿರ ಬಿಡದಿರುವುದು ಅದರ ಕೆಲಸ. ಅಂದರೆ ಒಳಗೆ ಎಣ್ಣೆ, ನಡುವೆ ಸೀಲ್, ಹೊರಗೆ ಗ್ರೀಸಿನಲ್ಲಿ ತಿರುಗುವ ಬೇರಿಂಗ್.

ಶಾಫ್ಟ್ ಎಳೆದು ಟಾರ್ಚ್ ಹಿಡಿದಾಗ ಸೀಲ್ ಕೂರುವ ಗೂಡು ಖಾಲಿ ಇತ್ತು. ಸೀಲ್ ಹರಿದಿರಲಿಲ್ಲ, ಸವೆದಿರಲಿಲ್ಲ, ಹಾಕಿಯೇ ಇರಲಿಲ್ಲ. ಸೀಲ್ಡ್ ಬೇರಿಂಗ್ ಇರುವಾಗ ಬೇರೆ ಸೀಲ್ ಯಾಕೆ ಎಂದು ಬಿಟ್ಟಿದ್ದರು.

ಹಾಳಾದ ಬೇರಿಂಗನ್ನು ಉಸ್ತಾದರು ಮೇಜಿನ ಮೇಲಿಟ್ಟು ಒಳಬದಿಯ ರಬ್ಬರ್ ಮುಚ್ಚಿಗೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎಬ್ಬಿಸಿದರು. ಸುಲಭವಾಗಿ ಬಗ್ಗಿ ಬರಬೇಕಾದ ರಬ್ಬರ್ ಚಟ್ಟೆಂದು ಮುರಿಯಿತು. ಅದರ ಒಳ ಅಂಚು ಗಟ್ಟಿಯಾಗಿ, ಒಂದು ಕಡೆ ಗುಳ್ಳೆ ಎದ್ದಿತ್ತು. ಒಳಗೆ ಗ್ರೀಸ್ ಇರಲಿಲ್ಲ. ಕಂದು ಬಣ್ಣದ ತೆಳ್ಳನೆಯ ದ್ರವವಿತ್ತು, ಅದರಲ್ಲಿ ಅದೇ ಗಂಧಕದ ವಾಸನೆ. ಹೊರಬದಿಯ ಮುಚ್ಚಿಗೆ ಮಾತ್ರ ಇನ್ನೂ ಮೆತ್ತಗಿತ್ತು. ಒಂದೇ ಬೇರಿಂಗಿನ ಎರಡು ರಬ್ಬರುಗಳಲ್ಲಿ ಒಂದು ಸುಟ್ಟು ಇನ್ನೊಂದು ಉಳಿದಿದೆ ಎಂದರೆ ಶಾಖ ಬಂದದ್ದು ಕಾಲರ್ ಇರುವ ಬದಿಯಿಂದ. ಕಾಲರ್ ಮೇಲಿನ ಕಪ್ಪುನೀಲಿ ಬಣ್ಣವೂ ಅದನ್ನೇ ಹೇಳಿತು. ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬೇರಿಂಗಿಗೆ ಒತ್ತಿ ಕೂರಿಸಿ, ತಾನಾಗಿ ಆರಲು ಬಿಟ್ಟಿದ್ದಾರೆ.

ಹಳೆಯ ತೆರೆದ ಬೇರಿಂಗಿಗೆ ಆ ಪದ್ಧತಿ ಹೇಗೋ ನಡೆಯುತ್ತಿತ್ತು. ಸುಡುವ ರಬ್ಬರ್ ಅಲ್ಲಿರಲಿಲ್ಲ; ಗ್ರೀಸನ್ನು ಆಮೇಲೆ ಕೈಯಿಂದ ತುಂಬುತ್ತಿದ್ದರು. ಸೀಲ್ಡ್ ಬೇರಿಂಗಿನ ನೈಟ್ರೈಲ್ ರಬ್ಬರ್ ನೂರು ಡಿಗ್ರಿಯ ಆಸುಪಾಸಿನವರೆಗೆ ಬಾಳುತ್ತದೆ. ಕೆಂಪಗೆ ಕಾದ ಕಬ್ಬಿಣ ಅದರ ಐದಾರು ಪಟ್ಟು ಬಿಸಿ. ಬೇರಿಂಗ್ ಒಂದು ಕಿಲೋಮೀಟರ್ ಓಡುವ ಮೊದಲೇ ಅದರ ಒಂದು ಬದಿಯ ಮುಚ್ಚಿಗೆ ಸತ್ತಿತ್ತು.

ಇಷ್ಟಕ್ಕೇ ಉತ್ತರ ಸಿಕ್ಕಿತು ಎಂದು ನಿಲ್ಲಿಸಬಹುದಿತ್ತು. ಆದರೆ ಮೊದಲ ಸಲ, ಮೂಲ ಸೀಲ್ ಇದ್ದಾಗಲೂ ಎಣ್ಣೆ ಬಂದಿತ್ತಲ್ಲ? ಅದಕ್ಕೆ ಉತ್ತರ ಹೌಸಿಂಗಿನ ಮೇಲ್ಭಾಗದಲ್ಲಿತ್ತು. ಅಲ್ಲಿ ಬೆರಳ ತುದಿಯಷ್ಟು ದೊಡ್ಡ ಗಾಳಿಗಂಡಿ ಇರುತ್ತದೆ. ಗ್ಯಾರೇಜಿನಲ್ಲಿ ಬ್ರೀದರ್ ಎನ್ನುತ್ತೇವೆ. ಓಡುವಾಗ ಎಣ್ಣೆ ಕಾದು ಒಳಗಿನ ಗಾಳಿ ಹಿಗ್ಗುತ್ತದೆ, ಬ್ರೀದರಿನಿಂದ ಹೊರಹೋಗುತ್ತದೆ. ಈ ಕಾರಿನ ಬ್ರೀದರ್ ಎಲ್ಲಿದೆ ಎಂದು ಹುಡುಕಬೇಕಾಯಿತು. ಅದರ ಮೇಲೆ ಬೂದು ಬಣ್ಣದ ಗಟ್ಟಿ ಮುದ್ದೆ ಕೂತಿತ್ತು. ಸೇಡಂ, ಮಳಖೇಡದ ದಾರಿಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಓಡಾಡಿದವರಿಗೆ ಆ ಧೂಳು ಗೊತ್ತು. ಸುಣ್ಣಕಲ್ಲಿನ ಹುಡಿ ಎಣ್ಣೆಯ ಪಸೆಯಲ್ಲಿ ಕಲಸಿ, ವರ್ಷಗಟ್ಟಲೆ ಪದರ ಪದರವಾಗಿ ಕಟ್ಟಿಕೊಂಡು, ಉಳಿ ಹಿಡಿದೇ ಎಬ್ಬಿಸಬೇಕಾದಷ್ಟು ಗಟ್ಟಿಯಾಗಿತ್ತು.

ಗಂಡಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ. ಮುಚ್ಚಿದ ಹೌಸಿಂಗಿನ ಗಾಳಿ 35 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ ಸುಮಾರು ಏಳನೇ ಒಂದು ಪಾಲು ಹೆಚ್ಚುತ್ತದೆ. ಆ ಒತ್ತಡಕ್ಕೆ ಹೊರಹೋಗಲು ಉಳಿದ ದಾರಿ ಆಯಿಲ್ ಸೀಲುಗಳ ತುಟಿ, ಅಂದರೆ ಶಾಫ್ಟಿಗೆ ಉಜ್ಜುವ ರಬ್ಬರ್ ಅಂಚು ಮಾತ್ರ. ಅದರ ಜೊತೆಗೆ ಶಾಫ್ಟಿನ ಮೇಲೆ ಸೀಲ್ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿತ್ತು. ಎಷ್ಟು ಹೊಸ ಸೀಲ್ ಹಾಕಿದರೂ ಆ ಗೆರೆಯ ಮೇಲೆ ಅದು ಹಿಡಿಯುವುದಿಲ್ಲ. ಸೋರಿಕೆ ಕಂಡವರು ಎಣ್ಣೆ ಕಡಿಮೆಯಾಗಿರಬೇಕೆಂದು ಮೇಲಿಂದ ಮೇಲೆ ಸುರಿದಿದ್ದರು. ಎಣ್ಣೆಯ ಮಟ್ಟ ನೋಡುವ ಲೆವೆಲ್ ಪ್ಲಗ್ ತೆಗೆದಾಗ ಎಣ್ಣೆ ಧಾರೆಯಾಗಿ ಸುರಿಯಿತು. ಸಮತಟ್ಟಾದ ನೆಲದಲ್ಲಿ ಪ್ಲಗ್ಗಿನ ಕೆಳ ಅಂಚಿಗೆ ನಿಲ್ಲಬೇಕಾದ ಎಣ್ಣೆ ಅದು.

ಹೀಗೆ ಬ್ರೀದರ್ ಮುಚ್ಚಿದ್ದು ಮೊದಲ ಕಾರಣ, ಉಳಿದವೆಲ್ಲ ಅದರ ಮೇಲೆ ಒಂದೊಂದಾಗಿ ಸೇರಿದವು. ಬೇರಿಂಗನ್ನು ಎರಡು ಸಲ ಬದಲಾಯಿಸಿದರು. ಬ್ರೀದರ್ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಒಂದು ಪೈಸೆ ಖರ್ಚಿಲ್ಲದ, ಒಂದು ತಂತಿಯಿಂದ ಆಗುವ ಕೆಲಸವನ್ನು ಬಿಟ್ಟು ವಯಸ್ಸಾದವರೊಬ್ಬರನ್ನು ಬ್ರೇಕ್ ಹಿಡಿಯದ ಕಾರಿನಲ್ಲಿ ಲಾರಿಗಳ ನಡುವೆ ಕಳಿಸಿದ್ದಾರೆ.

ಆ ರಬ್ಬರಿನ ಕೆಲಸವೇನು

ಬೇರಿಂಗಿನ ಮೇಲಿನ ತೆಳು ರಬ್ಬರ್ ತನ್ನೊಳಗಿನ ಗ್ರೀಸನ್ನು ಒಳಗೆ, ಹೊರಗಿನ ಧೂಳನ್ನು ಹೊರಗೆ ಇಡಲು ಇರುವುದು. ಒಂದು ಕಡೆ ಎಣ್ಣೆಯ ಕೊಳ ನಿಂತು ಒತ್ತುತ್ತಿದ್ದರೆ ತಡೆಯುವ ಶಕ್ತಿ ಅದಕ್ಕಿಲ್ಲ. ಆಯಿಲ್ ಸೀಲಿನ ತುಟಿಯ ಬೆನ್ನಿಗೆ ಸುರುಳಿ ಸ್ಪ್ರಿಂಗ್ ಇರುತ್ತದೆ, ಅದು ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುತ್ತದೆ. ಬೇರಿಂಗಿನ ರಬ್ಬರಿಗೆ ಅಂಥ ಸ್ಪ್ರಿಂಗ್ ಇಲ್ಲ. ನಿಧಾನವಾಗಿ ಒಳನುಗ್ಗಿದ ಗೇರ್ ಎಣ್ಣೆ ಗ್ರೀಸನ್ನು ತೊಳೆದುಹಾಕುತ್ತದೆ, ಆಮೇಲೆ ಇನ್ನೊಂದು ಬದಿಯಿಂದ ಬ್ರೇಕಿಗೆ ಹೋಗುತ್ತದೆ.

ಈ ತಪ್ಪು ತಿಳಿವಳಿಕೆ ಬೇರೆ ಜಾತಿಯ ಕಾರುಗಳಿಂದ ಬಂದಿರಬಹುದು ಎಂಬುದು ನನ್ನ ಊಹೆ. ಬ್ರಿಟನ್ನಿನ ಮಾರಿಸ್ ಮೈನರ್ ಕಾರಿನಲ್ಲಿ ಹಿಂದಿನ ಬೇರಿಂಗ್ ಚಕ್ರ ಕೂರುವ ಹಬ್‌ನೊಳಗಿರುತ್ತದೆ, ಆಕ್ಸೆಲ್‌ನ ಎಣ್ಣೆಯೇ ಹರಿದು ಬಂದು ಅದನ್ನು ತೊಯಿಸುತ್ತದೆ. ಅಲ್ಲಿ ಸೀಲ್ಡ್ ಬೇರಿಂಗ್ ಹಾಕಿದರೆ ಏರ್ಪಾಡೇ ಬದಲಾಗುತ್ತದೆ. ಬೇರಿಂಗ್ ಎಣ್ಣೆಯ ಹಂಗು ಬಿಟ್ಟು ಗ್ರೀಸಿನಲ್ಲಿ ಬಾಳುತ್ತದೆ. ಫಿಯೆಟ್ ಕುಲದ ಪದ್ಮಿನಿಯಲ್ಲಿ ಬೇರಿಂಗ್ ಮೊದಲಿನಿಂದಲೂ ಗ್ರೀಸಿನದೇ. ಇಲ್ಲಿ ಸೀಲ್ಡ್ ಬೇರಿಂಗ್‌ನಿಂದ ಆಗುವ ಲಾಭ ಧೂಳಿನ ವಿಷಯದಲ್ಲಿ. ನಮ್ಮ ರಸ್ತೆಗಳಿಗೆ ಅದು ಸಣ್ಣ ಲಾಭವಲ್ಲ, ಹಾಗಾಗಿ ನಾವೂ ಸೀಲ್ಡ್ ಬೇರಿಂಗನ್ನೇ ಆರಿಸಿದೆವು, ಆಯಿಲ್ ಸೀಲನ್ನು ಅದರ ಜಾಗದಲ್ಲಿ ಇಟ್ಟುಕೊಂಡೇ.

ಬೇರಿಂಗ್ ಕೊಳ್ಳುವಾಗ ಕಾರಿನ ಹೆಸರು ಹೇಳುವುದಕ್ಕಿಂತ ಹಳೆಯದರ ಮೇಲಿನ ಸಂಖ್ಯೆಯನ್ನು ಓದಿ, ಶಾಫ್ಟು ಮತ್ತು ಗೂಡನ್ನು ಅಳೆದು ಹೋಗುವುದು ಲೇಸು. ಈ ಗಾತ್ರದ ಬೇರಿಂಗುಗಳಲ್ಲಿ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಮಿಲಿಮೀಟರಿನಲ್ಲಿ ಒಳವ್ಯಾಸ ಸಿಗುತ್ತದೆ. ಉದಾಹರಣೆಗೆ 6306 ಎಂದರೆ ಒಳಗೆ 30, ಹೊರಗೆ 72, ಅಗಲ 19 ಮಿಲಿಮೀಟರ್. 6206 ಕೂಡ ಒಳಗೆ 30ರದೇ, ಆದರೆ ಹೊರಗೆ 62, ಅಗಲ 16. ಸಂಖ್ಯೆಯ ನಂತರ 2ಆರ್‌ಎಸ್ ಎಂದಿದ್ದರೆ ಎರಡೂ ಬದಿ ರಬ್ಬರ್, ಝಡ್‌ಝಡ್ ಎಂದಿದ್ದರೆ ತಗಡು. ತಗಡಿನ ಅಂಚು ಒಳ ಬಳೆಗೆ ತಾಕುವುದಿಲ್ಲ, ಸಿಮೆಂಟ್ ಧೂಳಿಗೆ ಆ ಸಂದಿ ಸಾಕು. ರಬ್ಬರ್ ಉಜ್ಜಿ ಬೇರಿಂಗ್ ಕಾಯುತ್ತದೆ ಎಂದು ಹೆದರಿಸುವವರಿದ್ದಾರೆ. 14 ಇಂಚಿನ ಚಕ್ರದ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ; 80 ಕಿಲೋಮೀಟರ್ ವೇಗದಲ್ಲಿ ಆಕ್ಸೆಲ್ ತಿರುಗುವುದು ನಿಮಿಷಕ್ಕೆ 700 ಸುತ್ತಿನ ಹತ್ತಿರ. ಈ ಗಾತ್ರದ ಸೀಲ್ಡ್ ಬೇರಿಂಗುಗಳಿಗೆ ಅದು ಲೆಕ್ಕಕ್ಕೇ ಇಲ್ಲದ ವೇಗ.

ಕೂರಿಸಿದ ಬಗೆ

ಹಳೆಯ ಕಾಲರನ್ನು ಗ್ಯಾಸಿನಿಂದ ಕತ್ತರಿಸಲು ಉಸ್ತಾದರು ಒಪ್ಪಲಿಲ್ಲ. ಶಾಫ್ಟಿನ ಹದ ಹೋಗುತ್ತದೆ. ಗ್ರೈಂಡರಿನಿಂದ ಕಾಲರಿಗೆ ಓರೆಯಾಗಿ ಕಚ್ಚು ಕೊರೆದು, ಶಾಫ್ಟಿಗೆ ತಾಗಲು ಇನ್ನೂ ಒಂದು ಪದರ ಇರುವಾಗಲೇ ನಿಲ್ಲಿಸಿ, ಕಚ್ಚಿನಲ್ಲಿ ಉಳಿ ಇಟ್ಟು ಒಂದೇ ಏಟು ಕೊಟ್ಟರು. ಕಾಲರ್ ಬಾಯಿಬಿಟ್ಟಿತು.

ಬೇರಿಂಗ್ ಕೂರುವ ಜಾಗವನ್ನು ಮೈಕ್ರೋಮೀಟರಿನಿಂದ ಅಳೆದೆವು. ಈ ಗಾತ್ರದ ಶಾಫ್ಟಿನಲ್ಲಿ ಬೇರಿಂಗ್ ಬಿಗಿಯಾಗಿ ಕೂರಬೇಕಾದರೆ ಶಾಫ್ಟ್ ತನ್ನ ನಿಗದಿತ ಅಳತೆಗಿಂತ 0.002ರಿಂದ 0.015 ಮಿಲಿಮೀಟರಿನಷ್ಟು ದಪ್ಪವಿರುವುದು ಸಾಮಾನ್ಯ ನಿಯಮ. ಎರಡು ಸಲ ಬೇರಿಂಗ್ ಬಡಿದು ತೆಗೆದಿದ್ದರೂ ಶಾಫ್ಟ್ ಆ ಮಿತಿಯೊಳಗೇ ಇತ್ತು. ಇಲ್ಲದಿದ್ದರೆ ಬೇರೆ ಶಾಫ್ಟ್ ಹುಡುಕುತ್ತಿದ್ದೆವು. ಪಂಚ್ ಹೊಡೆದು ಗುಳಿ ಎಬ್ಬಿಸಿ ಬಿಗಿ ತರಿಸುವ ಪದ್ಧತಿಯನ್ನು ಈ ಜಾಗದಲ್ಲಿ ನಾನು ಒಪ್ಪುವುದಿಲ್ಲ.

ಸೀಲ್ಡ್ ಬೇರಿಂಗನ್ನು ಕಾಯಿಸಬಾರದು, ಸುತ್ತಿಗೆಯಿಂದ ಬಡಿಯಬಾರದು. ಉಳಿದ ದಾರಿ ಶಾಫ್ಟನ್ನು ತಣ್ಣಗೆ ಮಾಡುವುದು. ಐಸ್‌ಕ್ರೀಮ್ ಅಂಗಡಿಯವರು ತಮ್ಮ ಫ್ರೀಜರಿನಲ್ಲಿ ರಾತ್ರಿಯಿಡೀ ಜಾಗ ಕೊಟ್ಟರು. 40 ಡಿಗ್ರಿಯ ಊರಿನಲ್ಲಿ ಶಾಫ್ಟ್ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ ಹೋದರೆ 30 ಮಿಲಿಮೀಟರಿಗೆ ಸುಮಾರು 0.019 ಮಿಲಿಮೀಟರ್ ಕುಗ್ಗುತ್ತದೆ. ಬಿಗಿಯ ಹೆಚ್ಚಿನ ಪಾಲು ಅಲ್ಲಿಗೇ ತೀರುತ್ತದೆ. ಹೊರಗೆ ತಂದ ಕೂಡಲೇ ಮೈಮೇಲೆ ಕಟ್ಟುವ ನೀರಿನ ಹನಿಯನ್ನು ಒರೆಸಿ, ಎಣ್ಣೆಯ ಬಟ್ಟೆ ಸವರಿದೆವು. ಮೊದಲು ಹಿಡಿಯುವ ಪ್ಲೇಟನ್ನು ಶಾಫ್ಟಿಗೆ ತೂರಿಸಿದೆವು. ಇದನ್ನು ಮರೆತರೆ ಕಾಲರನ್ನು ಮತ್ತೆ ಒಡೆಯಬೇಕಾಗುತ್ತದೆ. ಆಮೇಲೆ ಬೇರಿಂಗ್. ಒಳ ಬಳೆಗೆ ಮಾತ್ರ ತಾಗುವ ಕೊಳವೆಯಿಟ್ಟು ಪ್ರೆಸ್ಸಿನ ಹಿಡಿಯನ್ನು ಉಸ್ತಾದರು ಒಂದೇ ಕೈಯಲ್ಲಿ ಎಳೆದರು. ಹೊರ ಬಳೆಯ ಮೇಲೆ ಒತ್ತಿದ್ದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಅವು ಓಡುವ ಹಾದಿಯ ಮೇಲೆ ಸಮಾನ ಅಂತರದಲ್ಲಿ ಚುಕ್ಕೆಗಳನ್ನು ಒತ್ತಿರುತ್ತಿತ್ತು.

ಕಾಲರಿಗೆ ಶಾಖ ಬೇಕೇ ಬೇಕು, ಆದರೆ ಅಳತೆಯ ಶಾಖ. ಕಾಲರಿನ ಮುಖವನ್ನು ಎಮೆರಿ ಕಾಗದದಿಂದ ಹೊಳಪು ಬರುವಂತೆ ಉಜ್ಜಿ, ತಗಡಿನ ಮೇಲಿಟ್ಟು ಕೆಳಗಿನಿಂದ ಕಾಯಿಸಿದೆವು. ಹೊಳೆಯುವ ಉಕ್ಕು 220 ಡಿಗ್ರಿಯ ಸುಮಾರಿಗೆ ತಿಳಿಹಳದಿಯಾಗುತ್ತದೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ನೀಲಿ ಅಂಚಿನಿಂದ ಒಳಕ್ಕೆ ಹರಡುವುದನ್ನು ಉಸ್ತಾದರು ಬಗ್ಗಿ ನೋಡುತ್ತಿದ್ದರು. “ಈಗ” ಎಂದರು. ಆ ಶಾಖದಲ್ಲಿ 30 ಮಿಲಿಮೀಟರಿನ ರಂಧ್ರ ಸುಮಾರು 0.09 ಮಿಲಿಮೀಟರ್ ಹಿಗ್ಗಿರುತ್ತದೆ, ಕಾಲರ್ ತಾನಾಗಿ ಇಳಿಯುತ್ತದೆ. ಇಳಿದ ಕ್ಷಣವೇ ಕೊಳವೆಯಿಂದ ಬೇರಿಂಗಿಗೆ ಒತ್ತಿ ಹಿಡಿದು, ಕಂಪ್ರೆಸರಿನ ಗಾಳಿಯನ್ನು ಕಾಲರ್ ಮೇಲೆ ಬಿಟ್ಟೆವು. ತಣ್ಣನೆಯ ಶಾಫ್ಟ್ ಕೂಡ ಶಾಖವನ್ನು ತನ್ನೊಳಗೆ ಎಳೆದುಕೊಂಡಿತು. ಬೇರಿಂಗಿನ ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಬೆರಳು ಹಿಂದೆಗೆಯುವಂತಿರಲಿಲ್ಲ.

ಪೂರ್ತಿ ಆರಿದ ಮೇಲೆ ಪ್ರೆಸ್ಸಿಗೆ ತಲೆಕೆಳಗಾಗಿ ಇಟ್ಟು, ಕಾಲರ್ ಜಾರಬಹುದಾದ ದಿಕ್ಕಿನಲ್ಲಿ ಎರಡು ಟನ್ ಒತ್ತಡ ಕೊಟ್ಟೆವು. ಕಾಲರ್ ಅಂಚಿಗೆ ಶಾಫ್ಟಿನ ಮೇಲೆ ಗೀರಿದ ಗೆರೆ ಅಲ್ಲೇ ಇತ್ತು. ಬೇರಿಂಗನ್ನು ಹೊರ ಬಳೆಯಲ್ಲಿ ಹಿಡಿದು ಕಾಲರನ್ನು ಪರೀಕ್ಷಿಸಬಾರದು, ಹೊಸ ಬೇರಿಂಗ್ ಹಾಳಾಗುತ್ತದೆ. ಕಾಲರನ್ನೇ ಎರಡು ಅರೆಬಳೆಗಳಿಂದ ಹಿಡಿದೆವು.

ಗ್ರೀಸಿನ ವಿಷಯದಲ್ಲಿ ಒಂದು ಚರ್ಚೆ ಆಯಿತು. ಬೇರಿಂಗಿನ ಹೊರಬದಿಯ ಮುಚ್ಚಿಗೆ ಎಬ್ಬಿಸಿ ಇನ್ನಷ್ಟು ಗ್ರೀಸ್ ತುಂಬೋಣ ಎಂದು ಉಸ್ತಾದರು ಹೇಳಿದರು. “ಕಂಪನಿಯವರು ಚಿಟಿಕೆಯಷ್ಟು ಇಡುತ್ತಾರೆ ಸರ್, ನಮ್ಮ ಬಿಸಿಲಿಗೆ ಸಾಲದು.” ಸೀಲ್ಡ್ ಬೇರಿಂಗಿನ ಖಾಲಿ ಜಾಗದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಮಾತ್ರ ಗ್ರೀಸ್ ತುಂಬುವುದು ಉದ್ದೇಶಪೂರ್ವಕ. ತುಂಬಿತುಳುಕಿದರೆ ಗ್ರೀಸ್ ಕಲಕಿ ಕಾದು ರಬ್ಬರನ್ನು ಹೊರದೂಡುತ್ತದೆ. ಎಬ್ಬಿಸಿದ ಮುಚ್ಚಿಗೆ ಮತ್ತೆ ಮೊದಲಿನಂತೆ ಕೂರುವ ಭರವಸೆಯೂ ಇಲ್ಲ. ಹೆಚ್ಚಿನ ಗ್ರೀಸನ್ನು ಆಯಿಲ್ ಸೀಲಿನ ತುಟಿಗೆ ಸವರೋಣ ಎಂದೆ, ಅವರು ಒಪ್ಪಿದರು.

ಆ ಹೊಸ ಸೀಲನ್ನು ಗೂಡಿನಲ್ಲಿ ಎರಡು ಮಿಲಿಮೀಟರ್ ಹೊರಕ್ಕೆ ಸರಿಸಿ ಕೂರಿಸಿದೆವು, ಲೇತಿನಲ್ಲಿ ತಿರುವಿದ ಒಂದು ತೆಳು ಬಳೆಯನ್ನು ಅದರ ಹಿಂದಿಟ್ಟು. ಹೀಗೆ ಅದರ ತುಟಿ ಗೆರೆ ಬಿದ್ದ ಜಾಗ ಬಿಟ್ಟು ನಯವಾದ ಜಾಗದ ಮೇಲೆ ಓಡುತ್ತದೆ. ಬ್ರೀದರನ್ನು ಕಳಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಗಾಳಿ ಆ ಕಡೆ ಈ ಕಡೆ ಹಾಯುವುದನ್ನು ಊದಿ ನೋಡಿ ಹಾಕಿದೆವು. ಎಣ್ಣೆ ಕುಡಿದ ಲೈನರುಗಳನ್ನು ಬೆಂಕಿಗೆ ಹಿಡಿದು ಒಣಗಿಸುವುದುಂಟು. ಕಾದಾಗ ಒಳಗಿನ ಎಣ್ಣೆ ಮತ್ತೆ ಬೆವರುತ್ತದೆ. ಎರಡೂ ಚಕ್ರಗಳಿಗೆ ಹೊಸ ಲೈನರ್ ಹಾಕಿದೆವು.

ಉಳಿದದ್ದು ಬಲ ಚಕ್ರ. ಜೊತೆಗೇ ಅದನ್ನೂ ಸೀಲ್ಡ್ ಮಾಡಿಬಿಡಿ ಎಂದರು ಮಾಸ್ತರರು. ಶಾಫ್ಟ್ ಎಳೆದು ನೋಡಿದೆವು. ಹಳೆಯ ತೆರೆದ ಬೇರಿಂಗೇ ಇತ್ತು, ಗ್ರೀಸ್ ಕಪ್ಪಾಗಿದ್ದರೂ ಮೆತ್ತಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ತಿರುಗಿಸಿದಾಗ ಎಲ್ಲೂ ತಡೆಯಲಿಲ್ಲ, ಗುಂಡುಗಳ ಹಾದಿಯಲ್ಲಿ ಚುಕ್ಕೆಯಿರಲಿಲ್ಲ. ಕಾಲರ್ ಬಿಗಿಯಾಗಿತ್ತು, ಶಾಫ್ಟಿನ ಮೇಲೆ ಗೆರೆಯೂ ಇರಲಿಲ್ಲ. ಆ ಬೇರಿಂಗ್ ತೆಗೆಯಬೇಕಾದರೆ ಆ ಕಾಲರನ್ನು ಒಡೆಯಬೇಕು. ಗಟ್ಟಿಯಾಗಿ ಹಿಡಿದಿರುವ ಕಾಲರನ್ನು ಜೋಡಿ ಹೊಂದಿಸಲೆಂದು ಒಡೆಯುವುದು ಬೇಡ ಎಂದೆವು. ಲಿಥಿಯಂ ಗ್ರೀಸ್ ತುಂಬಿ, ಆಯಿಲ್ ಸೀಲ್ ಮಾತ್ರ ಹೊಸದು ಹಾಕಿ ಶಾಫ್ಟನ್ನು ಹಿಂದಕ್ಕೆ ಕೂರಿಸಿದೆವು.

ಕಾರು ಮಳಖೇಡದ ದಾರಿಯಲ್ಲಿ ಮತ್ತೆ ಓಡುತ್ತಿದೆ. ಬ್ರೇಕ್ ನೇರವಾಗಿ ಹಿಡಿಯುತ್ತದೆ, ಆರ್‌ಸಿ ನವೀಕರಣವೂ ಆಯಿತು. ಮಳೆಗಾಲ ಕಳೆದ ಮೇಲೆ ಎಡ ಡ್ರಮ್ ತೆಗೆದು ನೋಡಿದಾಗ ಒಳಗೆ ಲೈನರಿನ ಒಣ ಹುಡಿ ಮಾತ್ರ ಇತ್ತು. ಬ್ರೀದರಿನ ಮೇಲೆ ಆಗಲೇ ಬೂದು ಪದರ ಕೂರತೊಡಗಿತ್ತು. ಎಂಜಿನ್ ಎಣ್ಣೆ ಬದಲಾಯಿಸುವಾಗಲೆಲ್ಲ ಅದನ್ನೂ ತೊಳೆಯಲು ಉಸ್ತಾದರು ತಮ್ಮ ಹುಡುಗನಿಗೆ ಹೇಳಿದ್ದಾರೆ.